ಆನೆಗೆ ಬಿದ್ದ ರೈಟ್ ಮಾರ್ಕ್

"ಮಿಸ್, ಮುಗೀತು!"

ಮೆಣಸು ಮೂರನೇ ಸಲ ಕೂಗಿದಳು. ಯಾರೂ ಕಣ್ಣೆತ್ತಿಯೂ ನೋಡಲಿಲ್ಲ.

ನೋಡುವುದಾದರೂ ಹೇಗೆ? ಮೇಜಿನ ಆ ತುದಿಯಲ್ಲಿ ಅಣ್ಣ ತಲೆ ಕೆರೆದುಕೊಳ್ಳುತ್ತಾ, "ಮಿಸ್, ಈ ಎಕ್ಸ್ ಎಲ್ಲಿಂದ ಬಂತು? ಮೇಲಿನ ಸಾಲಲ್ಲಿ ಇರಲೇ ಇಲ್ವಲ್ಲ!" ಎಂದು ಗೋಳಾಡುತ್ತಿದ್ದ. ಈ ತುದಿಯಲ್ಲಿ ತಮ್ಮ ಗುಂಡ ರಬ್ಬರಿನ ಚೂರೊಂದನ್ನು ಮೂಗಿಗೆ ತುರುಕಿಕೊಂಡು, ಅದು ಹೊರಗೆ ಬರುತ್ತಿಲ್ಲವೆಂದು ರಾಗ ತೆಗೆದಿದ್ದ. ಒಳಗೆ ಒಲೆಯ ಮೇಲಿಟ್ಟ ಹಾಲು ಈಗಲೋ ಆಗಲೋ ಉಕ್ಕುವಂತಿತ್ತು.

"ಒಂದು ನಿಮಿಷ ಇರಮ್ಮ," ಅಂದರು ಮಿಸ್. "ಗುಂಡಾ, ಜೋರಾಗಿ ಸೀನು. ಅಯ್ಯೋ, ಒಳಗೆ ಎಳ್ಕೋಬೇಡ್ವೋ, ಹೊರಗೆ! ಹೊರಗೆ!"

ಮೆಣಸು ಮುಖ ಊದಿಸಿಕೊಂಡು ಕೂತಳು. ಮಿಸ್ ಅವರ ಒಂದು ನಿಮಿಷ ಎಷ್ಟು ಉದ್ದ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟರಲ್ಲಿ ಸ್ನಾನ ಮಾಡಿ, ತಲೆ ಒಣಗಿಸಿ, ಜಡೆ ಹಾಕಿಕೊಂಡು ಬರಬಹುದು.

ಈ ಮಿಸ್ ಬೇರೆ ಯಾರೂ ಅಲ್ಲ, ಆ ಮೂವರ ಅಮ್ಮನೇ. ಅಪ್ಪ ಕ್ರೇನ್ ಓಡಿಸುತ್ತಿದ್ದರು. ಸೇತುವೆ ಕಟ್ಟುವ ಕಡೆಯಲ್ಲೆಲ್ಲ ಅವರಿಗೆ ಕೆಲಸ. ಒಂದು ಸೇತುವೆ ಮುಗಿಯಿತೋ, ಮತ್ತೊಂದು ಊರು, ಮತ್ತೊಂದು ಬಾಡಿಗೆ ಮನೆ. ಶಾಲೆಗೆ ಸೇರಿ, ಬೆಂಚಿನಲ್ಲಿ ಪಕ್ಕ ಕೂರುವವಳ ಪರಿಚಯ ಆಗುವಷ್ಟರಲ್ಲಿ ಗಂಟುಮೂಟೆ ಕಟ್ಟುವ ಹೊತ್ತು ಬಂದುಬಿಡುತ್ತಿತ್ತು. ಸಾಕಪ್ಪಾ ಸಾಕು ಅಂತ ಅಮ್ಮ ಮೂವರಿಗೂ ಮನೆಯಲ್ಲೇ ಪಾಠ ಶುರುಮಾಡಿದ್ದಳು.

ಮೊದಮೊದಲು ಅದೊಂದು ದೊಡ್ಡ ರಾದ್ಧಾಂತ. ಮಗ್ಗಿ ಹೇಳುತ್ತಾ ಹೇಳುತ್ತಾ ಗುಂಡ ಅಮ್ಮನ ತೊಡೆ ಏರುತ್ತಿದ್ದ. ಬೀಜಗಣಿತದ ಮಧ್ಯೆ ಅಣ್ಣ ತಿನ್ನಲು ಏನಿದೆ ಎಂದು ಕೇಳುತ್ತಿದ್ದ. ಮೆಣಸು ಇಬ್ಬರ ಮೇಲೂ ಚಾಡಿ ಹೇಳುತ್ತಿದ್ದಳು. ಕೊನೆಗೆ ತಲೆಕೆಟ್ಟು ಅಮ್ಮ ಒಂದು ರೂಲ್ ಮಾಡಿದಳು. ತುರುಬಿನಲ್ಲಿ ಹಳದಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರೆ ಮಿಸ್. ತೆಗೆದರೆ ಅಮ್ಮ. ಮಿಸ್‌ಗೆ 'ಬನ್ನಿ', 'ಹೋಗಿ'. ಅಮ್ಮನಿಗೆ 'ಬಾ', 'ಹೋಗು'. ಮಿಸ್ ಹತ್ತಿರ ಹಸಿವು, ಜಗಳ, ಚಾಡಿ ಹೇಳುವಂತಿಲ್ಲ. ಅಮ್ಮನ ಹತ್ತಿರ ಲೆಕ್ಕ ಕೇಳುವಂತಿಲ್ಲ. ರೂಲ್ ಅಂದರೆ ರೂಲ್.

ಆದರೆ ಮಿಸ್ ತನ್ನ ಕಡೆ ತಿರುಗಲೇ ಇಲ್ಲ ಅಂದರೆ ಏನು ಮಾಡಬೇಕು ಅಂತ ರೂಲ್‌ನಲ್ಲಿ ಇರಲಿಲ್ಲ.

ಹಾಲು ಉಕ್ಕಿತು. ಮಿಸ್ ಓಡಿದರು. ರಬ್ಬರು ಹೊರಗೆ ಬಂತು. ಗುಂಡ ಅದನ್ನು ಎಲ್ಲರಿಗೂ ತೋರಿಸಿದ. ಅಣ್ಣನ ಎಕ್ಸ್ ಇನ್ನೂ ಸಿಕ್ಕಿರಲಿಲ್ಲ. ಇಷ್ಟೆಲ್ಲ ಆದರೂ ಮೆಣಸಿನ ಸರದಿ ಬರಲಿಲ್ಲ.

ಅವಳಿಗೆ ಮೈಯೆಲ್ಲ ಉರಿಯಿತು. ಅವಳನ್ನು ಎಲ್ಲರೂ ಮೆಣಸು ಅಂತ ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅಚ್ಚುಕಟ್ಟಾಗಿ ಮಾಡಿದ್ದ ಭಿನ್ನರಾಶಿ ಲೆಕ್ಕಗಳ ಪುಟ ಮಗುಚಿದಳು. ಹೊಸ ಪುಟದಲ್ಲಿ ಬರೆದಳು: ಅರ್ಧ ಕೂಡಿಸು ಕಾಲು, ಉತ್ತರ ಆನೆ. ಮುಕ್ಕಾಲು ಕಳೆ ಅರ್ಧ, ಉತ್ತರ ಚಪ್ಪಲಿ. ಒಂದೂವರೆ ಕೂಡಿಸು ಒಂದೂಕಾಲು, ಉತ್ತರ ಯಾರಿಗೆ ಗೊತ್ತು.

"ಮಿಸ್, ಮುಗೀತು," ಅಂದಳು, ಈ ಸಲ ಮೆಲ್ಲಗೆ.

ಮಿಸ್ ಒಂದು ಕೈಯಲ್ಲಿ ಗುಂಡನ ಮೂಗು ಒರೆಸುತ್ತಾ, ಅಣ್ಣನಿಗೆ "ಆ ಕಡೆಯಿಂದ ಈ ಕಡೆಗೆ ತಗೊಂಡ್ರೆ ಚಿಹ್ನೆ ಬದಲಾಗುತ್ತೆ ಅಂತ ಎಷ್ಟು ಸಲ ಹೇಳ್ಲಿ?" ಎನ್ನುತ್ತಾ, ಇನ್ನೊಂದು ಕೈಯಿಂದ ಮೆಣಸಿನ ಪುಸ್ತಕ ಎಳೆದುಕೊಂಡರು. ಕೆಂಪು ಪೆನ್ ಸರಸರ ಓಡಿತು. ರೈಟ್. ರೈಟ್. ರೈಟ್. ಕೆಳಗೆ 'ಗುಡ್' ಅಂತ ಬೇರೆ.

ಮೆಣಸು ಪುಸ್ತಕವನ್ನೇ ನೋಡುತ್ತಾ ಕೂತಳು. ಮೊದಲು ನಗು ಬಂತು. ಆಮೇಲೆ ಆ ನಗು ಎಲ್ಲೋ ಹೋಯಿತು. ಆನೆಗೇ ರೈಟ್ ಹಾಕುವವರು ಇಷ್ಟು ದಿನ ತನ್ನ ಯಾವ ಲೆಕ್ಕವನ್ನು ನೋಡಿದ್ದಾರು?

ಮಧ್ಯಾಹ್ನ ಪೆನ್ಸಿಲ್ ಹೊರಗೆ ಬಂತು. ಅಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ನಿಂತಿದ್ದಾಗ ಮೆಣಸು ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲಿ ನಿಂತಳು.

"ಅಮ್ಮಾ, ನನಗೆ ಈ ಮಿಸ್ ಬೇಡ. ಬೇರೆ ಮಿಸ್ ಹುಡುಕು."

ಅಮ್ಮನ ಕೈ ನಿಂತಿತು. "ಯಾಕೆ? ಏನು ಮಾಡಿದ್ರು ನಿಮ್ಮ ಮಿಸ್?"

"ಆನೆಗೆ ರೈಟ್ ಹಾಕಿದ್ರು."

"ಏನಕ್ಕೆ?"

ಮೆಣಸು ಪುಸ್ತಕ ಚಾಚಿದಳು. ಅಮ್ಮ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಓದಿದಳು. ಆನೆ ಓದಿದಳು, ಚಪ್ಪಲಿ ಓದಿದಳು. ತುಟಿ ಬಿಗಿಹಿಡಿದರೂ ನಗು ತಡೆಯಲಾಗದೆ ಫಕ್ಕನೆ ನಕ್ಕುಬಿಟ್ಟಳು. ಆಮೇಲೆ 'ಗುಡ್' ಕಣ್ಣಿಗೆ ಬಿತ್ತು. ನಗು ಅಲ್ಲೇ ನಿಂತಿತು.

"ನಗಬೇಡ," ಅಂದಳು ಮೆಣಸು. "ಅಣ್ಣ ಗೋಳಾಡಿದ್ರೆ ಓಡ್ತಾರೆ. ಗುಂಡ ಮೂಗಲ್ಲಿ ಏನಾದ್ರೂ ಇಟ್ಕೊಂಡ್ರೆ ಓಡ್ತಾರೆ. ನಾನೂ ಇಟ್ಕೋಬೇಕಾ?"

ಅಮ್ಮ ಸಿಪ್ಪೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ, "ಇದು ಸುಮ್ಮನೆ ಬಿಡೋ ವಿಷಯ ಅಲ್ಲ. ನಾಳೆ ನಾನೇ ಬಂದು ನಿಮ್ಮ ಮಿಸ್ ಹತ್ರ ಮಾತಾಡ್ತೀನಿ," ಅಂದಳು.

"ನಿಜವಾಗ್ಲೂ?"

"ಮಗಳ ವಿಷಯ ಕಣೇ. ಬಿಡ್ತೀನಾ?"

ಮರುದಿನ ಪಾಠ ಶುರುವಾಗುವ ಮುಂಚೆ ಮೀಟಿಂಗ್. ಅಣ್ಣ ಚಮಚದಿಂದ ತಟ್ಟೆ ಬಡಿದು ಬೆಲ್ ಹೊಡೆದ. ಗುಂಡನಿಗೆ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ ಕೊಟ್ಟರು. ಮೇಜಿನ ಎದುರುಬದುರು ಎರಡು ಕುರ್ಚಿ. ಪಕ್ಕದಲ್ಲಿ ಮೆಣಸು, ತಲೆ ಬಾಚಿ, ಪುಸ್ತಕ ಎದೆಗೊತ್ತಿಕೊಂಡು ಕೂತಿದ್ದಳು.

ಅಮ್ಮ ಒಂದು ಕುರ್ಚಿಯಲ್ಲಿ ಕೂತಳು. "ನಮಸ್ಕಾರ ಮಿಸ್. ನಮ್ಮ ಹುಡುಗಿಯ ಲೆಕ್ಕ ನೀವು ನೋಡೋದೇ ಇಲ್ವಂತೆ?"

ಎದ್ದಳು. ಪೆನ್ಸಿಲ್ ಸಿಕ್ಕಿಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. "ನಮಸ್ಕಾರ. ನೋಡ್ತೀನಿ ಅಮ್ಮಾ. ನಿನ್ನೆ ಸ್ವಲ್ಪ ಗಡಿಬಿಡಿ ಇತ್ತು."

ಎದ್ದಳು. ಪೆನ್ಸಿಲ್ ತೆಗೆದಳು. "ಸ್ವಲ್ಪಾನಾ? ಆನೆಗೆ ರೈಟ್ ಹಾಕಿದ್ದೀರಿ!"

ಗುಂಡ ಕಿಸಕ್ಕೆಂದ. ಅಣ್ಣ ಅವನ ಬಾಯಿ ಮುಚ್ಚಿದ. ಮೆಣಸಿಗೂ ನಗು ಬಂತು, ಆದರೆ ತಡೆದುಕೊಂಡಳು. ಇದು ಅವಳ ಮೀಟಿಂಗ್.

ಪೆನ್ಸಿಲ್ ಮತ್ತೆ ತುರುಬು ಸೇರಿತು. "ನೋಡಿ ಅಮ್ಮಾ," ಅಂದರು ಮಿಸ್. ಈಗ ಅವರ ದನಿಯಲ್ಲಿ ಆಟ ಕಮ್ಮಿ ಇತ್ತು. "ನನಗಿರೋದು ಎರಡೇ ಕೈ. ದೊಡ್ಡವನದು ನನಗೇ ಮರೆತುಹೋದ ಪಾಠ. ರಾತ್ರಿ ನಾನು ಕಲಿತು, ಬೆಳಿಗ್ಗೆ ಅವನಿಗೆ ಹೇಳಿಕೊಡಬೇಕು. ಚಿಕ್ಕವನನ್ನ ಕ್ಷಣ ಬಿಟ್ರೆ ಏನಾದ್ರೂ ನುಂಗ್ತಾನೆ. ನಿಮ್ಮ ಹುಡುಗಿ ಜಾಣೆ. ತಾನೇ ಮಾಡ್ಕೋತಾಳೆ. ಅಳಲ್ಲ, ಬೀಳಲ್ಲ. ಹಾಗಾಗಿ..."

ಅಮ್ಮ ಎದ್ದು ಈ ಕಡೆಯ ಕುರ್ಚಿಗೆ ಬಂದು ಕೂತಳು. ಪೆನ್ಸಿಲ್ ಕೈಯಲ್ಲಿತ್ತು. "ಹಾಗಾಗಿ ಅವಳನ್ನ ಬಿಟ್ಟುಬಿಟ್ರಿ," ಅಂದಳು. ಸ್ವಲ್ಪ ಹೊತ್ತು ಖಾಲಿ ಕುರ್ಚಿಯನ್ನೇ ನೋಡಿದಳು. "ಅಲ್ಲ ಮಿಸ್, ನಿಮಗೆ ಒಂಚೂರು ಸಹಾಯ ಮಾಡೋರು ಮನೇಲಿ ಯಾರೂ ಇಲ್ವಾ?"

ಉತ್ತರ ಹೇಳಲು ಮಿಸ್ ಎದುರಿನ ಕುರ್ಚಿಗೆ ಹೋಗಬೇಕಿತ್ತು. ಅಮ್ಮ ಏಳಲೇ ಇಲ್ಲ. ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೂತೇ ಇದ್ದಳು.

ಅಣ್ಣ ಗುಂಡನ ಬಾಯಿಂದ ಕೈ ತೆಗೆದ. ಮೆಣಸಿಗೆ ಆ ಖಾಲಿ ಕುರ್ಚಿ ನೋಡಲು ಹೇಗೋ ಆಯಿತು. ತನಗೆ ಮಿಸ್ ಮೇಲೆ ಸಿಟ್ಟು ಬಂದರೆ ಹೇಳಲು ಅಮ್ಮ ಇದ್ದಾಳೆ. ಮಿಸ್‌ಗೆ ಯಾರಿದ್ದಾರೆ?

"ಮೀಟಿಂಗ್ ಆಯ್ತಾ?" ಗುಂಡ ಕೊನೆಗೂ ಕೇಳಿದ.

"ಆಯ್ತು," ಅಂದಳು ಅಮ್ಮ. ಪೆನ್ಸಿಲ್ ಸಿಕ್ಕಿಸಿಕೊಂಡಳು. "ಇವತ್ತು ಮೊದಲು ಮೆಣಸಿನ ಸರದಿ. ಉಳಿದಿಬ್ಬರೂ ಗೋಡೆ ಕಡೆ ತಿರುಗಿ ಕಾಪಿ ಬರೀರಿ. ಯಾರಾದ್ರೂ ಉಸಿರೆತ್ತಿದ್ರೆ ನೋಡಿ!"

ಮಿಸ್ ಕುರ್ಚಿಯನ್ನು ಮೆಣಸಿನ ಪಕ್ಕಕ್ಕೇ ಎಳೆದುಕೊಂಡರು. ಅವಳು ಅಚ್ಚುಕಟ್ಟಾಗಿ ಮಾಡಿದ್ದ ಪುಟ ತೆಗೆದು, ಮೊದಲ ಲೆಕ್ಕದ ಮೇಲೆ ಬೆರಳಿಟ್ಟು ಓದಿದರು. ಅರ್ಧಕ್ಕೆ ಮೂರನೇ ಒಂದು ಕೂಡಿಸಬೇಕು. ಮೆಣಸು ಐದನೇ ಎರಡು ಅಂತ ಬರೆದಿದ್ದಳು. ಮಿಸ್ ಬೆರಳು ಅಲ್ಲೇ ನಿಂತಿತು.

"ಇದು ಹೇಗೆ ಮಾಡಿದೆ?"

"ಸುಲಭ ಮಿಸ್. ಮೇಲಿನದಕ್ಕೆ ಮೇಲಿನದು ಕೂಡಿಸೋದು, ಕೆಳಗಿನದಕ್ಕೆ ಕೆಳಗಿನದು."

"ಅರ್ಧ ರೊಟ್ಟಿ ನಿನ್ನ ತಟ್ಟೇಲಿದೆ. ಅದಕ್ಕೆ ಇನ್ನೊಂದು ಚೂರು ಹಾಕ್ತೀನಿ. ಈಗ ಅರ್ಧಕ್ಕಿಂತ ಜಾಸ್ತಿ ಇರುತ್ತಾ, ಕಮ್ಮಿ ಇರುತ್ತಾ?"

"ಜಾಸ್ತಿ."

"ಐದನೇ ಎರಡು, ಅರ್ಧಕ್ಕಿಂತ ಜಾಸ್ತಿನಾ?"

ಮೆಣಸು ಒಂದು ರೊಟ್ಟಿಯನ್ನು ಮನಸ್ಸಿನಲ್ಲೇ ಐದು ತುಂಡು ಮಾಡಿದಳು. ಎರಡು ತುಂಡು ಎತ್ತಿಟ್ಟಳು. "ಕಮ್ಮಿ... ಆದ್ರೆ ಮಿಸ್, ನಾನು ಮೊದಲಿಂದ ಹೀಗೇ ಮಾಡಿದ್ದೀನಿ. ನೀವು ಎಲ್ಲಾ ರೈಟ್ ಹಾಕಿದ್ದೀರಿ!"

ಮಿಸ್ ಹಿಂದಿನ ಪುಟ ತಿರುಗಿಸಿದರು. ಅದರ ಹಿಂದಿನದು. ಅದರ ಹಿಂದಿನದು. ಎಲ್ಲ ಕಡೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಎಲ್ಲ ಕಡೆ ರೈಟ್. ಅವರು ಹಣೆಗೆ ಕೈ ಒತ್ತಿಕೊಂಡರು.

"ತಪ್ಪಾಯ್ತು ಕಣೇ," ಅಂದರು. ಪೆನ್ಸಿಲ್ ತುರುಬಿನಲ್ಲೇ ಇದ್ದರೂ ದನಿ ಮಾತ್ರ ಅಮ್ಮನದು.

ಆಮೇಲೆ ಕೆಂಪು ಪೆನ್ ತೆಗೆದುಕೊಂಡು, ಒಂದೊಂದೇ ಲೆಕ್ಕ ಓದಿ ಇಂಟು ಹಾಕುತ್ತಾ ಹೋದರು. ಪುಟ ಕೆಂಪಾಯಿತು. ಮೆಣಸಿಗೆ ಇಷ್ಟೊಂದು ಇಂಟು ಯಾವತ್ತೂ ಬಿದ್ದಿರಲಿಲ್ಲ. ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಬೇಕಲ್ಲ ಅಂತ ಬೇಜಾರೂ ಆಯಿತು. ಆದರೂ ಪ್ರತಿ ಇಂಟುವಿನ ಮುಂಚೆ ಮಿಸ್ ಕಣ್ಣು ಆ ಲೆಕ್ಕದ ಮೇಲೆ ನಿಲ್ಲುವುದನ್ನು ನೋಡುವುದು ಅವಳಿಗೆ ಎಷ್ಟು ಇಷ್ಟವಾಯಿತೆಂದರೆ, ಬೇಗ ಮುಗಿಯದಿದ್ದರೆ ಸಾಕು ಅನ್ನಿಸಿತು.

ಮುಗಿಯುವ ಮುಂಚೆಯೇ ಗುಂಡ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ.

"ಒಂದು ನಿಮಿಷ!" ಮಿಸ್ ಓಡಿದರು.

"ಅಯ್ಯೋ ದೇವರೇ," ಅಂದಳು ಮೆಣಸು. ಎಲ್ಲಿ ಓದು ನಿಂತಿತ್ತೋ ಅಲ್ಲಿ ಬೆರಳಿಟ್ಟುಕೊಂಡು ಕಾದಳು. ಮಿಸ್ ವಾಪಸ್ ಬಂದು ಅಲ್ಲಿಂದಲೇ ಮುಂದುವರಿಸಿದರು.

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಮೆಣಸು ನೀರು ಕುಡಿಯಲು ಹೊರಟವಳು ಬಾಗಿಲಲ್ಲೇ ನಿಂತಳು. ಅಮ್ಮ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೆನ್ನೆಯ ಕೆಳಗೆ ಅಣ್ಣನ ಬೀಜಗಣಿತದ ಪುಸ್ತಕ. ಪೆನ್ಸಿಲ್ ಇನ್ನೂ ತುರುಬಿನಲ್ಲೇ ಇತ್ತು. ಊಟ ಬಡಿಸುವಾಗಲೂ, ಪಾತ್ರೆ ತೊಳೆಯುವಾಗಲೂ ಅದು ಅಲ್ಲೇ ಇತ್ತೇನೋ, ಯಾರೂ ಗಮನಿಸಿರಲಿಲ್ಲ.

ಗುಂಡ ಕಾಪಿ ಪುಸ್ತಕ ಹಿಡಿದುಕೊಂಡು ಧಡಧಡ ಬಂದ. "ಮಿಸ್! ಮಿಸ್, ನೋಡಿ, ನಾನು..."

ಮೆಣಸು ಅವನ ಕಾಲರ್ ಹಿಡಿದು ನಿಲ್ಲಿಸಿದಳು. ತುದಿಗಾಲಲ್ಲಿ ಮೇಜಿನ ಹತ್ತಿರ ಹೋದಳು. ಒಂದು ಕೂದಲೂ ಎಳೆಯದ ಹಾಗೆ, ಮೆಲ್ಲಗೆ, ಪೆನ್ಸಿಲ್ ಹೊರಗೆ ತೆಗೆದಳು.

"ಮಿಸ್ ಎಲ್ಲಿ?" ಗುಂಡ ಪಿಸುಗುಟ್ಟಿದ.

"ಮನೆಗೆ ಹೋದ್ರು," ಅಂದಳು ಮೆಣಸು. ಅವನ ಪುಸ್ತಕ ಇಸಿದುಕೊಂಡು, ಬಾಗಿಲ ಬೆಳಕಿನಲ್ಲಿ ಕೂತು, ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ಕೂತ್ಕೋ. ಏನು ಬರೆದಿದ್ದೀಯ, ನೋಡೋಣ."