ಮಗುಚಿ ಬಿದ್ದ ಜಿಂಕೆ

ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ರಸ್ತೆಯ ಕಡೆಯದು ತೆರೆಯಲೇ ಇಲ್ಲ!

ನಡುವೆ ನಾನು... ಒಬ್ಬರು ನಿಲ್ಲುವಷ್ಟೇ ಜಾಗ. ಜೋಹಾನ್ಸ್‌ಬರ್ಗಿನ ಅಂಗಡಿಗಳಲ್ಲಿ ಕಳ್ಳರ ಭಯಕ್ಕೆ ಇಂಥ ಪಂಜರ ಮಾಮೂಲು ಸ್ವಾಮಿ. ಎರಡು ಬಾಗಿಲಿಗೂ ಬಟನ್ ಇರುವುದು ಮಾಲೀಕನ ಮೇಜಿನ ಕೆಳಗೆ.

ಮಾಲೀಕ ಲಾಟೆಗನ್, ಹಳೆಯ ನಾಣ್ಯಗಳ ವ್ಯಾಪಾರಿ. ಕಂಬಿಗಳಾಚೆ, ಮೇಜಿನ ಪಕ್ಕದಲ್ಲೇ ಪಿಸ್ತೂಲು ಹಿಡಿದು ನಿಂತಿದ್ದ.

"ನಾಣ್ಯ ಕೊಡು, ಮಬೂಜಾ."

"ಯಾರ ನಾಣ್ಯ?"

"ನಾಟಕ ಬೇಡ! ಆ ಮುದುಕಿ ಕಳಿಸಿದ್ದಾ ನಿನ್ನ?"

ಹೌದು. ಮುದುಕಿಯ ಹೆಸರು ಹೆಟ್ಟಿ ವರ್ಮಾಕ್. ಸತ್ತ ಗಂಡನ ಐದು ಶಿಲಿಂಗಿನ ಬೆಳ್ಳಿ ನಾಣ್ಯವನ್ನು ಪರೀಕ್ಷೆಗೆಂದು ಇವನ ಕೈಗೆ ಕೊಟ್ಟಿದ್ದಳು. ಸಾಮಾನ್ಯ ನಾಣ್ಯದಲ್ಲಿ ರಾಜನ ತಲೆ ನೆಟ್ಟಗೆ ಹಿಡಿದು ಪುಟದಂತೆ ಮಗುಚಿದರೆ, ಹಿಂದೆ ಜಿಂಕೆಯೂ ನೆಟ್ಟಗೆ ನಿಂತಿರುತ್ತದೆ. ಅವಳದರಲ್ಲಿ ಜಿಂಕೆ ಕಾಲು ಮೇಲೆ ಮಾಡಿ ಬಿದ್ದಿತ್ತು! ಟಂಕಿಸುವಾಗ ಅಚ್ಚು ಸಡಿಲವಾಗಿ ತಿರುಗಿಬಿಟ್ಟಿತ್ತು. ಆ ತಪ್ಪಿಗೇ ಸಂಗ್ರಾಹಕರು ಪ್ರಾಣ ಬಿಡುತ್ತಾರೆ.

ಲಾಟೆಗನ್ ವಾಪಸು ಕೊಟ್ಟದ್ದು ಬೇರೆ ನಾಣ್ಯ. ಜಿಂಕೆ ನೆಟ್ಟಗೆ ನಿಂತದ್ದು. "ನಿಮಗೆ ವಯಸ್ಸಾಯ್ತು, ಅಜ್ಜಿ" ಎಂದನಂತೆ.

ಇವತ್ತು ನಾನು ಹೆಸರು ಹೇಳಿಕೊಂಡು ಗಿರಾಕಿಯಂತೆ ಬಂದೆ. ತೋರಿಸಿದ. ಮಗುಚಿದೆ. ಕಾಲು ಮೇಲೆ! ರಾಜನ ಕಿವಿಯ ಕೆಳಗೆ ಹೆಟ್ಟಿ ಹೇಳಿದ್ದ ತಗ್ಗು ಕೂಡ ಇತ್ತು. ಮುಷ್ಟಿಯಲ್ಲಿ ಹಿಡಿದು ಓಡಿದೆ.

ತೆರೆದೇ ಇದ್ದ ಒಳಬಾಗಿಲು ದಾಟಿ ಓಡಿ ಬಂದದ್ದು ಈ ಪಂಜರಕ್ಕೆ...

"ಕೊಟ್ಟರೆ ಬಿಡ್ತೀಯಾ?"

ಅವನು ನಕ್ಕ. "ದರೋಡೆಗೆ ಬಂದಳು, ಹೊಡೆದೆ ಅಂತೀನಿ. ಯಾರು ಕೇಳ್ತಾರೆ ನಿನ್ನ?"

ಅಂದರೆ ಕೊಟ್ಟರೂ ಸಾವೇ.

ಬೆವರು ಕಣ್ಣಿಗಿಳಿಯಿತು. ಮೊಣಕೈ ಎತ್ತಿದರೆ ಕಂಬಿ ತಗಲುತ್ತಿತ್ತು. ಜೇಬಿನಲ್ಲಿ ಮನೆಯ ಬೀಗದ ಕೈ ಬಿಟ್ಟರೆ ಬೇರೇನಿಲ್ಲ.

ಅದನ್ನೇ ತೆಗೆದೆ. ತುದಿಯನ್ನು ರಾಜನ ಕೆನ್ನೆಗಿಟ್ಟೆ.

ಲಾಟೆಗನ್‌ನ ನಗು ನಿಂತಿತು.

"ಏಯ್... ಏನ್ ಮಾಡ್ತಿದೀಯ?"

"ಬಾಗಿಲು ತೆಗಿ."

"ಮುದುಕಿ ಮಾಲು ಅದು! ನೀನು ಹಾಳು ಮಾಡಲ್ಲ."

ಪಿಸ್ತೂಲು ನನ್ನ ಹಣೆಗೆ ಎದ್ದಿತು.

ಕರ್ರ್! ಗೀರು ಎಳೆದೆ.

ಲಾಟೆಗನ್ ಕಿರುಚಿದ, ಸ್ವಾಮಿ! ತನ್ನದೇ ಕೆನ್ನೆ ಸೀಳಿದ ಹಾಗೆ!

"ಮುಂದಿನ ಗೀರು ಜಿಂಕೆ ಹೊಟ್ಟೆ ಮೇಲೆ," ಎಂದೆ. "ತೆಗಿತೀಯೋ?"

"ಬೇಡ! ಬೇಡ ಕಣೇ, ತಾಯಿ! ತೆಗೀತೀನಿ!"

ಕೈ ಮೇಜಿನ ಕೆಳಗೆ ಹೋಯಿತು. ಬಾಗಿಲು ಗುಂಯ್‌ಗುಟ್ಟಿತು. ಭುಜ ಕೊಟ್ಟು ನುಗ್ಗಿದೆ.

ಹಿಂದೆ ಅವನ ಬೂಟಿನ ಸದ್ದು! ಜೋಳ ಸುಡುತ್ತಿದ್ದ ಹೆಂಗಸಿನ ಒಲೆ ಹಾರಿದೆ, ಟ್ಯಾಕ್ಸಿಗಳ ಸಂದಿಯಲ್ಲಿ ನುಸುಳಿದೆ. ಢಂ! ಯಾವುದೋ ಗಾಜು ಉದುರಿತು. ಮೂಲೆಯಲ್ಲಿ ಹೆಟ್ಟಿಯ ಹಳೇ ಪಿಕಪ್ ಇಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಹತ್ತಿದೆನೋ ಇಲ್ಲವೋ, ಮುದುಕಿ ಹಾರಿಸಿಕೊಂಡು ಹೊರಟಳು!

ಪೊಲೀಸ್ ಠಾಣೆಯ ಮುಂದೆಯೇ ನಿಲ್ಲಿಸಿದ್ದು. ನಾಣ್ಯ ಅವಳ ಅಂಗೈಗಿಟ್ಟೆ. ರಾಜನ ಕೆನ್ನೆಯ ಮೇಲೆ ಹೊಳೆಯುವ ಗೀರು.

"ಕ್ಷಮಿಸಿ ಅಜ್ಜಿ. ಬೆಲೆ ಹೋಯ್ತು."

ಅವಳು ಗೀರನ್ನು ಬೆರಳಿನಿಂದ ಸವರಿದಳು.

"ಲಾಟೆಗನ್ ನೋಡ್ತಾ ಇದ್ದಾಗ್ಲೇ ಎಳೆದ್ಯಾ?"

"ಹೂಂ. ಕಿರುಚಿದ."

"ಥೂ," ಎಂದಳು ಹೆಟ್ಟಿ, "ಇನ್ನೊಂದು ಎಳೀಬೇಕಿತ್ತು ಕಣೇ!"