ಪೆಡಲ್ ಒತ್ತಿದಾಗ ಕೇಳಿದ ದನಿ

2003ರ ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ. ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಬಾಡಿಗೆ ಮನೆಯಲ್ಲಿ ಹೆಂಡತಿ ಹರಿಪ್ರಿಯಾ ತಲೆನೋವೆಂದು ಮಹಡಿಯ ಮೇಲೆ ಮಲಗಿದ್ದಳು. ನಾನು ಕೆಳಗೆ ಕೂತು, ಗಿಟಾರಿನ ನಾದವನ್ನು ಒರಟಾಗಿಸುವ, ಸೆಕೆಂಡ್‌ಹ್ಯಾಂಡ್ ಕೊಂಡಿದ್ದ ಡಿಸ್ಟಾರ್ಷನ್ ಪೆಡಲನ್ನು ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ ಕಾಲಿನಿಂದ ಒತ್ತಿದೆ. ತಂತಿ ಮುಟ್ಟುವ ಮೊದಲೇ ಸ್ಪೀಕರಿನ ಗೊರಗೊರ ಸದ್ದಿನೊಳಗಿಂದ ವಯಸ್ಸಾದ ಹೆಂಗಸೊಬ್ಬಳ ದನಿ ಬಂತು: "ಕಿಟಕಿ ತೆಗಿಯಪ್ಪಾ."

ಪೆಡಲ್ ಆರಿಸಿದೆ, ಮೌನ. ಮತ್ತೆ ಒತ್ತಿದರೆ ಅದೇ ಮಾತು, ಜೊತೆಗೆ ಬಳೆಗಳ ಸದ್ದು. ಈ ಸಲ ಅದು ಸ್ಪೀಕರಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ ಬಂತು. ಹೆದರಿ ಮೇಲೆ ಓಡಿದೆ. ಎಷ್ಟು ಅಲುಗಿಸಿದರೂ ಹರಿಪ್ರಿಯಾ ಏಳಲಿಲ್ಲ. ಕಿಟಕಿ ತೆರೆದು, ಅವಳನ್ನು ಹೊತ್ತು ಹೊರಗೆ ತಂದು ಆಂಬುಲೆನ್ಸ್ ಕರೆಸಿದೆ.

ಮನೆ ಬೆಚ್ಚಗಿಡುವ ಬಾಯ್ಲರಿನಿಂದ ವಿಷಾನಿಲ ಸೋರುತ್ತಿತ್ತು ಎಂದು ಗ್ಯಾಸಿನವರು ಹೇಳಿದರು. ಸಂಜೆಗೆ ಅವಳು ಕಣ್ಣುಬಿಟ್ಟಳು.

ವಿಷಯ ಕೇಳಿದ ಗೆಳೆಯ ಉಝೈರ್, "ಪೆಡಲ್ ಒಂದೊಂದ್ಸಲ ಟ್ಯಾಕ್ಸಿಯವರ ರೇಡಿಯೋ ಮಾತು ಹಿಡಿಯುತ್ತೆ ಕಣೋ," ಅಂದ.

"ಇಲ್ಲಿನ ಟ್ಯಾಕ್ಸೀಲಿ ಕನ್ನಡ ಯಾರು ಮಾತಾಡ್ತಾರೆ?" ಅಂದೆ.

ಆ ತಾಯಿ ಯಾರೇ ಆಗಿರಲಿ, ನಾನು ದಿನವೂ ಅವಳಿಗೆ ಕೈಮುಗಿಯುತ್ತೇನೆ. ಹರಿಪ್ರಿಯಾಳಿಗೆ ಯಾವ ದನಿಯೂ ಕೇಳಿಸಿರಲಿಲ್ಲ. ಆದರೆ ನಾನು ಬರುವವರೆಗೂ ಯಾರೋ ಪಕ್ಕದಲ್ಲಿ ಕೂತು, ನಿದ್ದೆ ಹೋಗಬೇಡವೆಂಬಂತೆ ಅವಳ ಕೆನ್ನೆ ತಟ್ಟುತ್ತಲೇ ಇದ್ದರಂತೆ.