ದುಗ್ನಾಡ್ ದಿನ ಹೋದ ದೋಣಿ

ಸೋಮವಾರ ಬೆಳಿಗ್ಗೆ ಬರ್ಗೆನ್ ಬಂದರಿನ ಪೊಲೀಸ್ ಠಾಣೆಗೆ ದೂರು ಬಂತು. ಹೋಲ್ಮೆನ್ ಕಡಲ ಮ್ಯೂಸಿಯಮ್ಮಿನ ಹಳೆಯ ಮರದ ದೋಣಿ ಕಳುವಾಗಿತ್ತು. ಇನ್‌ಸ್ಪೆಕ್ಟರ್ ಸಿಗ್ರುನ್‌ಗೆ ಸರಿಯಾದ ನಿದ್ದೆಯಾಗಿ ವಾರವಾಗಿತ್ತು. ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಐವಿಂಡ್‌ನನ್ನು ಕರೆದುಕೊಂಡು ಕಾಲೆಳೆಯುತ್ತ ಹೊರಟಳು.

ಮ್ಯೂಸಿಯಮ್ಮಿನಲ್ಲಿ ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಕಾವಲುಗಾರ ಟೂರ್ಗೈರ್ ಟೋಪಿ ಹಿಸುಕುತ್ತ ನಿಂತಿದ್ದ.

"ಕೊನೇ ಸಲ ನೋಡಿದ್ದು ಯಾವಾಗ?"

"ಶನಿವಾರ, ಮೇಡಂ. ದುಗ್ನಾಡ್ ಇತ್ತಲ್ಲ."

ಊರವರೆಲ್ಲ ಸೇರಿ ಬಿಟ್ಟಿಯಾಗಿ ಗುಡಿಸಿ, ಬಣ್ಣ ಬಳಿದು, ವಾಫಲ್ ತಿಂದು ಹೋಗುವ ದಿನ ಅದು. ಅವತ್ತು ಯಾರಾದರೂ 'ಸ್ವಲ್ಪ ಕೈಜೋಡಿಸಿ' ಎಂದರೆ ಯಾಕೆಂದು ಕೇಳುವವರಿಲ್ಲ.

"ದೋಣಿ ಹೊರಗೆ ಹೋಗಿದ್ದು ಹೇಗೆ?"

"ವಯಸ್ಸಾದ ಹೆಂಗಸೊಬ್ರು ಕಾರಿಗೆ ಟ್ರೇಲರ್ ಕಟ್ಕೊಂಡು ಬಂದಿದ್ರು. ರಿಪೇರಿಗೆ ಅಂದ್ರು. ಸ್ವಲ್ಪ ಎತ್ತಿಕೊಡಿ ಅಂದ್ರು."

"ಎತ್ತಿದ್ದು ಯಾರು?"

"ನಾನು. ಇನ್ನೂ ಮೂರು ಜನ. ಹಗ್ಗ ಕಟ್ಟಿದ್ದು... ನಮ್ಮ ನಿರ್ದೇಶಕರು."

ಐವಿಂಡ್ ನಗು ತಡೆದುಕೊಂಡ. "ಕಳ್ಳಿಗೆ ವಾಫಲ್ಲೂ ಕೊಟ್ರಾ?"

"ಎರಡು. ಒಂದು ಗಂಡನಿಗೆ ಅಂತ ಕಟ್ಟಿಸ್ಕೊಂಡ್ರು."

ಸಿಗ್ರುನ್ ಬೇಸರದಿಂದಲೇ ಪಂಚನಾಮೆ ಬರೆದಳು. ಸಾಕ್ಷಿಗಳೆಲ್ಲ ಕಳ್ಳತನಕ್ಕೆ ಕೈಜೋಡಿಸಿದವರೇ.

ಮಧ್ಯಾಹ್ನ ಗುಡ್ಡದ ಮೇಲಿನ ಜಾನಪದ ಮ್ಯೂಸಿಯಮ್ಮಿನಿಂದ ಫೋನ್ ಬಂತು. ಅಲ್ಲಿನ ಬೆಸ್ತರ ಗುಡಿಸಲಿನಲ್ಲಿ ಇಟ್ಟಿದ್ದ ದೋಣಿ ಹುಟ್ಟುಗಳು ಕಾಣೆಯಾಗಿದ್ದವು. ಸಿಗ್ರುನ್ ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿದಳು.

"ಇಲ್ಲಿಗೆ ಕೊಟ್ಟವರು ಯಾರು?"

"ಬೋರ್ಗಿಲ್ಡ್ ಅಂತ, ಊರಾಚೆ ಕಡಲ ದಡದಲ್ಲಿದ್ದಾರೆ," ಎಂದಳು ಮೇಲ್ವಿಚಾರಕಿ. "ಹೋಲ್ಮೆನ್‌ನಲ್ಲಿರೋ ದೋಣೀದೇ ಹುಟ್ಟು ಇವು. ಎರಡು ಮ್ಯೂಸಿಯಮ್ಮೂ ಕಿತ್ತಾಡಿ ಹಂಚ್ಕೊಂಡ್ವಿ."

ಸಂಜೆ ಬೋರ್ಗಿಲ್ಡಳ ಮನೆ ಸಿಕ್ಕಿತು. ಹುಟ್ಟುಗಳು ಬಾಗಿಲ ಪಕ್ಕದಲ್ಲೇ ಒರಗಿದ್ದವು. ಮುಂದೆ ದೋಣಿ ಕಟ್ಟುವ ಕಟ್ಟೆ ಮಾತ್ರ ಖಾಲಿ.

"ಮಾರಿಬಿಟ್ಟಿದ್ದಾಳೆ, ಮೇಡಂ," ಎಂದ ಐವಿಂಡ್.

ದ್ವೀಪದಲ್ಲಿ ಬೆಳೆದಿದ್ದ ಸಿಗ್ರುನ್ ಕಟ್ಟೆಯಿಂದ ಬಗ್ಗಿ ನೀರಿನೊಳಗೆ ನೋಡಿದಳು. ಕಲ್ಲು ತುಂಬಿದ ದೋಣಿ ತಳದಲ್ಲಿ ಕೂತಿತ್ತು. ಒಣಗಿ ಬಿರುಕುಬಿಟ್ಟ ದೋಣಿಯನ್ನು ಹೀಗೆ ಮುಳುಗಿಸಿಟ್ಟರೆ ಹಲಗೆ ಊದಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ತೇಲುತ್ತದೆ.

ಬೋರ್ಗಿಲ್ಡ್ ತಾನಾಗಿಯೇ ಹೊರಗೆ ಬಂದಳು.

"ನೀವೇ ಕೊಟ್ಟಿದ್ದು. ಮತ್ತೆ ಕದ್ದಿದ್ದು ಯಾಕೆ?"

"ಕಾಗದ ಬರೆದು ಕೇಳಿದೆ, ಕೊಡ್ಲಿಲ್ಲ. ನನ್ನ ಗಂಡ ಮಾಗ್ನೆಗೆ ಎಲ್ಲಾ ಮರೆತುಹೋಗಿದೆ, ದೋಣಿಯೊಂದು ಬಿಟ್ಟು. ಎಲ್ಲಿ ಅಂತ ದಿನಾ ಕೇಳ್ತಾರೆ. ಕೊಟ್ಟುಬಿಟ್ಟೆ ಅಂದಾಗೆಲ್ಲ ಮೊದಲ ಸಲ ಕೇಳಿದ ಹಾಗೆ ಅಳ್ತಾರೆ. ಒಂದೇ ಒಂದು ಸಲ ಕೂರಿಸಿ ವಾಪಸ್ ಕೊಡ್ತಿದ್ದೆ. ಇನ್ನೆರಡು ದಿನ ನೆನೀಬೇಕಿತ್ತು."

"ಠಾಣೆಗೆ ಬರಬೇಕಾಗುತ್ತೆ, ಅಮ್ಮಾ." ಹೇಳುವಾಗ ಸಿಗ್ರುನ್‌ಗೆ ತನ್ನ ಕೆಲಸವೇ ಸಾಕೆನಿಸಿತು. ಮಾಗ್ನೆಯನ್ನು ನೋಡಿಕೊಳ್ಳಲು ನರ್ಸ್ ಬರುವವರೆಗೆ ಐವಿಂಡ್ ಅಲ್ಲೇ ಉಳಿಯುವುದೆಂದಾಯಿತು.

ಅಷ್ಟರಲ್ಲಿ ಮಾಗ್ನೆ ಚಪ್ಪಲಿಯಿಲ್ಲದೆ ಕಟ್ಟೆಗೆ ಬಂದ. ನೀರಿನೊಳಗೆ ಇಣುಕಿದ. ಮುಖ ಅರಳಿತು. ತಿರುಗಿ ಬೋರ್ಗಿಲ್ಡಳನ್ನು ನೋಡಿ ಮರ್ಯಾದೆಯಿಂದ ತಲೆಬಾಗಿದ.

"ನೀವು ಯಾರೋ ಗೊತ್ತಾಗ್ಲಿಲ್ಲ. ಆ ಕಡೆ ಹೋಗೋದಾದ್ರೆ ನನ್ನ ಹೆಂಡ್ತಿಗೊಂದು ಮಾತು ಹೇಳ್ತೀರಾ? ದೋಣಿ ಸಿಕ್ತು, ಇವತ್ತು ಮೀನು ತರ್ತೀನಿ ಅಂತ."

"ಹೇಳ್ತೀನಿ," ಎಂದಳು ಬೋರ್ಗಿಲ್ಡ್. ಅವನ ಕೋಟಿನ ಗುಂಡಿ ಹಾಕಿ, ಹೋಗಿ ಪೊಲೀಸ್ ಕಾರಿನಲ್ಲಿ ಕೂತಳು.